ಬೀಗ ಹಾಕಿದ ಕೋಟೆ, ತೆರೆದ ಉದ್ಯಾನ



ಪ್ರವಾಸ ಹೋದಾಗ, ನೋಡಲೆಂದೇ ಹೋದ ಜಾಗದ ಬಾಗಿಲು ಮುಚ್ಚಿದ್ದರೆ ನಾವು ಏನು ಮಾಡುತ್ತೇವೆ? ಗೊಣಗಿಕೊಂಡು ಹಿಂದಿರುಗುತ್ತೇವೆ. ಇಲ್ಲವೆ ಮುಚ್ಚಿದ ಬಾಗಿಲ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡು, ನೋಡಿದ್ದಾಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ನನಗೂ ಒಮ್ಮೆ ಹೀಗಾಯಿತು. ಆದರೆ ಅಂದು ಬಾಗಿಲು ಮುಚ್ಚಿದ್ದೇ ಒಳ್ಳೆಯದಾಯಿತೆಂದು ಈಗ ಅನಿಸುತ್ತದೆ. ಏಕೆಂದು ಈ ಹೊತ್ತು ನಿಮಗೆ ಹೇಳಬೇಕೆಂದಿದ್ದೇನೆ.

ಸ್ಥಳ ಸ್ಕಾಟ್ಲೆಂಡಿನ ಬ್ಯಾಲಖ್. ಗ್ಲಾಸ್ಗೋ ನಗರದಿಂದ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಲಾಖ್ ಲೋಮಂಡ್ ಎಂಬ ದೊಡ್ಡ ಸರೋವರದ ದಕ್ಷಿಣದ ತುದಿಯಲ್ಲಿರುವ ಸಣ್ಣ ಊರು ಅದು. ‘ಲಾಖ್’ ಎಂದರೆ ಅಲ್ಲಿನ ಗೇಲಿಕ್ ಭಾಷೆಯಲ್ಲಿ ಸರೋವರ. ಗ್ಲಾಸ್ಗೋದಲ್ಲಿ ಓದುತ್ತಿದ್ದ ನನ್ನ ಅಣ್ಣನ ಮಗ ಒಂದು ಶನಿವಾರ ಬೆಳಿಗ್ಗೆ ನನ್ನನ್ನು ರೈಲಿನಲ್ಲಿ ಕರೆದುಕೊಂಡು ಹೋದ. ಸುಮಾರು ಮುಕ್ಕಾಲು ಗಂಟೆಯ ಪ್ರಯಾಣ. ನಿಲ್ದಾಣದಿಂದ ಸೇತುವೆ ದಾಟಿ, ಉದ್ಯಾನದ ಗೇಟು ಹೊಕ್ಕು, ಮರಗಳ ನಡುವಿನ ಏರುದಾರಿಯಲ್ಲಿ ನಡೆದೆವು. ಕೊನೆಯಲ್ಲಿ ಹುಲ್ಲುಗಾವಲಿನ ನೆತ್ತಿಯ ಮೇಲೆ ಬ್ಯಾಲಖ್ ಕ್ಯಾಸಲ್ ಕಾಣಿಸಿತು. ಬೂದು ಬಣ್ಣದ ಕಲ್ಲು, ಗೋಪುರಗಳು, ಗೋಡೆಯ ತಲೆಯ ಮೇಲೆ ಸಾಲು ಸಾಲಾಗಿ ಕೋಟೆಯ ತೆನೆಗಳು. ಹತ್ತಿರ ಹೋದರೆ ಕಟ್ಟಡದ ಸುತ್ತ ಬೇಲಿ, ಬಾಗಿಲಿಗೆ ಬೀಗ.

“ಚಿಕ್ಕಪ್ಪ, ಇಷ್ಟು ದೂರ ಬಂದು ಬೀಗ ನೋಡ್ಕೊಂಡು ಹೋಗೋದಾ?” ಎಂದ ಹುಡುಗ, ಪೆಚ್ಚು ಮೋರೆ ಹಾಕಿಕೊಂಡು.

“ಬೀಗ ಹಾಕಿರೋದು ಬಾಗಿಲಿಗೆ ತಾನೆ? ಬಾರೋ, ಸುತ್ತ ನೋಡೋಣ” ಎಂದೆ. ನಾನೂ ಹಾಗೆಂದದ್ದು ಅವನ ಬೇಸರ ಕಳೆಯಲಿಕ್ಕೆ ಮಾತ್ರ. ಆದರೆ ಸಂಜೆಯವರೆಗೆ ಸುತ್ತಿದರೂ ನೋಡಿ ಮುಗಿಯಲಿಲ್ಲ.

ಮೊದಲು ಆ ಕಟ್ಟಡದ ವಿಷಯ. ಕ್ಯಾಸಲ್ ಎಂಬುದನ್ನು ನಾವು ಕನ್ನಡದಲ್ಲಿ ಕೋಟೆ ಎನ್ನುತ್ತೇವೆ. ಯುರೋಪಿನ ಕ್ಯಾಸಲ್ ಕೋಟೆಯೂ ಹೌದು, ಒಡೆಯನ ವಾಸದ ಮನೆಯೂ ಹೌದು. ದಪ್ಪ ಗೋಡೆಗಳೊಳಗೆ ಸಂಸಾರ, ಸೈನಿಕರು, ಉಗ್ರಾಣ ಎಲ್ಲವೂ ಒಟ್ಟಿಗೆ ಇರುತ್ತಿದ್ದವು. ಬ್ಯಾಲಖ್ ಕ್ಯಾಸಲ್ಲನ್ನು ಮೊದಲ ಬಾರಿ ನೋಡಿದವರು, ಇಲ್ಲಿ ಎಷ್ಟು ಯುದ್ಧಗಳು ನಡೆದವೋ ಎಂದುಕೊಳ್ಳುತ್ತಾರೆ. ಒಂದೂ ನಡೆದಿಲ್ಲ! ಈ ಕಟ್ಟಡ ಎದ್ದದ್ದು 1809ರಲ್ಲಿ. ಕಟ್ಟಿಸಿದವನು ಆರ್ಡಾಖ್‌ನ ಜಾನ್ ಬುಕಾನನ್ ಎಂಬ ಸಿರಿವಂತ. ನಕ್ಷೆ ತೆಗೆದವನು ರಾಬರ್ಟ್ ಲೂಗರ್ ಎಂಬ ವಾಸ್ತುಶಿಲ್ಪಿ. ಆ ಹೊತ್ತಿಗೆ ಸ್ಕಾಟ್ಲೆಂಡಿನೊಳಗೆ ಸಣ್ಣ ಒಡೆಯರು ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗುವ ಕಾಲ ಮುಗಿದುಹೋಗಿತ್ತು. ಕಂದಕ, ಬುರುಜು, ತೆನೆಗಳ ಅಗತ್ಯ ಯಾರಿಗೂ ಇರಲಿಲ್ಲ. ಅಗತ್ಯ ಹೋದ ಮೇಲೆ ಅವು ಅಲಂಕಾರವಾದವು. ಹಳೆಯ ಮನೆತನದ ಗತ್ತು ಬೇಕೆನಿಸಿದ ಹೊಸ ಶ್ರೀಮಂತರು ಕೋಟೆಯ ವೇಷದ ಬಂಗಲೆಗಳನ್ನು ಕಟ್ಟಿಸಿಕೊಂಡರು. ತೆನೆಗಳ ಮರೆಯಲ್ಲಿ ಬಿಲ್ಲುಗಾರರು ನಿಲ್ಲಲೇ ಇಲ್ಲ. ಕೆಳಗಿನ ದೊಡ್ಡ ದೊಡ್ಡ ಕಿಟಕಿಗಳನ್ನು ನೋಡಿದರೇ ಗುಟ್ಟು ರಟ್ಟಾಗುತ್ತದೆ. ಶತ್ರುವಿಗೆ ಹೆದರುವವನು ನೆಲಕ್ಕೆ ಅಷ್ಟು ಹತ್ತಿರದಲ್ಲಿ ಅಷ್ಟು ಅಗಲದ ಕಿಟಕಿ ಇಡುತ್ತಾನೆಯೇ? ಅವು ಸರೋವರದ ಸೊಬಗನ್ನು ಸವಿಯಲು ಇಟ್ಟ ಕಿಟಕಿಗಳು.

ಹಾಗಾದರೆ ನಿಜವಾದ ಕೋಟೆ ಇರಲಿಲ್ಲವೇ? ಇತ್ತು. ಅದನ್ನು ನೋಡಲು ಇಳಿಜಾರಿನಲ್ಲಿ ನದಿಯ ಕಡೆಗೆ ನಡೆಯಬೇಕು. ಅಲ್ಲಿ ಕಾಣುವುದು ಹುಲ್ಲು ಬೆಳೆದ ಒಂದು ದಿಬ್ಬ, ಅದರ ಸುತ್ತ ಮಣ್ಣು ತುಂಬಿದ ಕಂದಕದ ಗುರುತು, ಅಷ್ಟೆ. ಹುಡುಗ ಅದರ ಮೇಲೆ ಹತ್ತಿ ನಿಂತು, “ಇದೇನು ಚಿಕ್ಕಪ್ಪ, ಬರೀ ಮಣ್ಣಿನ ಗುಡ್ಡೆ!” ಎಂದ. ಆ ಮಣ್ಣಿನ ಗುಡ್ಡೆಯೇ 13ನೇ ಶತಮಾನದಲ್ಲಿ ಲೆನಾಕ್ಸ್ ಸೀಮೆಯ ಅರ್ಲರು, ಅಂದರೆ ಆ ನಾಡಿನ ಪಾಳೆಯಗಾರರು, ಕಟ್ಟಿದ್ದ ಕೋಟೆಯ ಜಾಗ. ಸರೋವರದ ನೀರು ಲೀವನ್ ನದಿಯಾಗಿ ಹೊರಡುವ ಬಾಯಿ ಅಲ್ಲೇ ಇದೆ. ಅಲ್ಲಿ ಕುಳಿತವನ ಕಣ್ಣು ತಪ್ಪಿಸಿ ದೋಣಿಗಳು ಒಳಗೆ ಬರುವುದು, ಹೊರಗೆ ಹೋಗುವುದು ಸುಲಭವಲ್ಲ. ಜಾಗ ಆರಿಸಿದವನ ಜಾಣತನ ದಿಬ್ಬದ ಮೇಲೆ ನಿಂತರೆ ತಾನೇ ತಿಳಿಯುತ್ತದೆ.

ಆದರೆ ವೈರಿ ಯಾವಾಗಲೂ ಎದುರಿನ ಬಾಗಿಲಿನಿಂದಲೇ ಬರುವುದಿಲ್ಲ. 1263ರಲ್ಲಿ ನಾರ್ವೆಯ ದೊರೆ ಹಾಕೊನ್ ದೊಡ್ಡ ನೌಕಾಪಡೆಯೊಡನೆ ಸ್ಕಾಟ್ಲೆಂಡಿನ ಪಶ್ಚಿಮ ತೀರಕ್ಕೆ ಬಂದ. ಅವನ ಪಡೆಯ ಒಂದು ತುಕಡಿ ಲಾಖ್ ಲಾಂಗ್ ಎಂಬ ಸಮುದ್ರದ ಕೊಲ್ಲಿಯನ್ನು ಹೊಕ್ಕಿತು. ಆ ಕೊಲ್ಲಿಗೂ ಲಾಖ್ ಲೋಮಂಡ್ ಸರೋವರಕ್ಕೂ ನಡುವೆ ಇರುವುದು ಸುಮಾರು 3 ಕಿಲೋಮೀಟರ್ ಅಗಲದ ನೆಲ. ನಾರ್ವೆಯವರು ತಮ್ಮ ಹಡಗುಗಳನ್ನು ನೀರಿನಿಂದ ಮೇಲಕ್ಕೆತ್ತಿ, ನೆಲದ ಮೇಲೆ ಎಳೆದು ತಂದು, ಸರೋವರಕ್ಕೆ ಇಳಿಸಿದರು! ಸಮುದ್ರದಿಂದ ದೂರವಿದ್ದೇವೆಂದು ನಿಶ್ಚಿಂತರಾಗಿದ್ದ ದ್ವೀಪಗಳ ಮತ್ತು ದಡದ ಜನರನ್ನು ಸೂರೆ ಮಾಡಿದರು. ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ಲಾರ್ಗ್ಸ್ ಎಂಬಲ್ಲಿ ಸ್ಕಾಟರಿಗೂ ನಾರ್ವೆಯವರಿಗೂ ಕಾಳಗ ನಡೆಯಿತು. ಹಾಕೊನ್ ಹಿಂದಿರುಗುವ ದಾರಿಯಲ್ಲಿ ಓರ್ಕ್ನಿ ದ್ವೀಪಗಳಲ್ಲಿ ತೀರಿಕೊಂಡ. ಮುಂದೆ ಲೆನಾಕ್ಸ್ ಅರ್ಲರು ಬ್ಯಾಲಖ್ ಬಿಟ್ಟು, ಸರೋವರದ ನಡುವಿನ ಇಂಚ್‌ಮರಿನ್ ದ್ವೀಪಕ್ಕೆ ತಮ್ಮ ಬಿಡಾರ ಬದಲಿಸಿದರು. ಸುತ್ತಲೂ ನೀರಿರುವ ದ್ವೀಪಕ್ಕಿಂತ ಒಳ್ಳೆಯ ಕಂದಕ ಯಾವುದಿದೆ?

ನೋಡಿ, ಎಂತಹ ವಿಚಿತ್ರ! ಗೋಪುರಗಳಿಂದ ಕಂಗೊಳಿಸುವ ಕಟ್ಟಡಕ್ಕೆ ಯುದ್ಧದ ನೆನಪೇ ಇಲ್ಲ. ನೆನಪು ಇರುವ ಕೋಟೆಗೆ ಒಂದು ಕಲ್ಲೂ ಉಳಿದಿಲ್ಲ. ಹಳೆಯ ಕೋಟೆಯ ಅವಶೇಷಗಳನ್ನು ತೆಗೆಸಿಯೇ ಬುಕಾನನ್ ಹೊಸದನ್ನು ಕಟ್ಟಿಸಿದ. ಐತಿಹಾಸಿಕ ಸ್ಥಳಕ್ಕೆ ಹೋದಾಗ ಕಣ್ಣಿಗೆ ದೊಡ್ಡದಾಗಿ ಕಾಣುವುದನ್ನು ಮಾತ್ರ ನೋಡಿ ಬರಬಾರದು ಎಂಬುದಕ್ಕೆ ಇದೇ ಸಾಕ್ಷಿ.

ದಿಬ್ಬದಿಂದ ತಿರುಗಿ ಹುಲ್ಲುಗಾವಲಿಗೆ ಬಂದು ಉತ್ತರಕ್ಕೆ ಮುಖ ಮಾಡಿದರೆ ಸರೋವರ ಎದುರಿಗೇ ಹರಡಿಕೊಳ್ಳುತ್ತದೆ. ಸುಮಾರು 36 ಕಿಲೋಮೀಟರ್ ಉದ್ದ, 71 ಚದರ ಕಿಲೋಮೀಟರ್ ವಿಸ್ತಾರ. ಗ್ರೇಟ್ ಬ್ರಿಟನ್ ದ್ವೀಪದಲ್ಲಿ ವಿಸ್ತಾರದ ದೃಷ್ಟಿಯಿಂದ ಇದೇ ಅತಿ ದೊಡ್ಡ ಸಿಹಿನೀರಿನ ಸರೋವರ. ದಕ್ಷಿಣದಲ್ಲಿ ಅಗಲವಾಗಿ, ಅಷ್ಟೇನೂ ಆಳವಿಲ್ಲದೆ, ದ್ವೀಪಗಳಿಂದ ತುಂಬಿದೆ. ಉತ್ತರಕ್ಕೆ ಹೋದಂತೆ ಬೆಟ್ಟಗಳ ನಡುವೆ ಸಪೂರವಾಗಿ, ಆಳವಾಗಿ, ಕೆಲವೆಡೆ 190 ಮೀಟರ್ ಮುಟ್ಟುತ್ತದೆ. ಈ ಆಕಾರಕ್ಕೆ ಕಾರಣ ಹಿಮನದಿ. ಸುಮಾರು 12 ಸಾವಿರ ವರ್ಷಗಳ ಹಿಂದೆ ಬೆಟ್ಟಗಳಿಂದ ಇಳಿದ ಹಿಮದ ಪ್ರವಾಹ ಕೊನೆಯ ಬಾರಿಗೆ ಈ ಕಣಿವೆಯನ್ನು ಉಜ್ಜಿ ಕೊರೆಯಿತು. ಸ್ಕಾಟ್ಲೆಂಡಿನ ಎತ್ತರದ ನಾಡು ಮತ್ತು ತಗ್ಗಿನ ನಾಡುಗಳನ್ನು ಬೇರ್ಪಡಿಸುವ ಭೂಸ್ತರದ ದೊಡ್ಡ ಬಿರುಕು ಈ ಸರೋವರವನ್ನು ಅಡ್ಡಲಾಗಿ ದಾಟುತ್ತದೆ. ಇಂಚ್‌ಮರಿನ್ ಮೊದಲಾದ ಕೆಲವು ದ್ವೀಪಗಳು ಆ ಬಿರುಕಿನ ಗೆರೆಯ ಮೇಲೆಯೇ ಓರಣವಾಗಿ ನಿಂತಿವೆ.

ದೂರದಲ್ಲಿ ಕಾಣುವ ಶಿಖರ ಬೆನ್ ಲೋಮಂಡ್. ಅದರ ಎತ್ತರ 974 ಮೀಟರ್. “ಇಷ್ಟೇನಾ? ಬೆಂಗಳೂರೇ 900 ಮೀಟರ್ ಎತ್ತರದಲ್ಲಿದೆಯಲ್ಲ!” ಎಂದು ನೀವು ನಗಬಹುದು. ಆದರೆ ಸರೋವರದ ನೀರು ಸಮುದ್ರ ಮಟ್ಟದಿಂದ ಎಂಟು ಮೀಟರಿನಷ್ಟು ಮಾತ್ರ ಮೇಲಿದೆ. ಹಾಗಾಗಿ ಬೆಟ್ಟ ತನ್ನ ಪೂರ್ತಿ ಎತ್ತರದಲ್ಲಿ ಎದ್ದು ನಿಂತಂತೆ ಕಾಣುತ್ತದೆ. ಎತ್ತರವೆಂಬುದು ನಾವು ನಿಂತ ನೆಲವನ್ನು ಅವಲಂಬಿಸಿದ್ದು.

ಇನ್ನು ದಕ್ಷಿಣಕ್ಕೆ ತಿರುಗೋಣ. ಅಲ್ಲಿ ಚೆಲುವಾದ ಚಿತ್ರವಿಲ್ಲ, ಆದರೆ ನಮಗೆ ಸಂಬಂಧಪಟ್ಟ ಕಥೆಯಿದೆ. ಸರೋವರದಿಂದ ಹೊರಟ ಲೀವನ್ ನದಿ ಕೆಲವೇ ಮೈಲಿ ಹರಿದು ಕ್ಲೈಡ್ ನದಿಯನ್ನು ಸೇರುತ್ತದೆ. ಇದರ ಶುಭ್ರವಾದ, ಬತ್ತದ ನೀರನ್ನು ನಂಬಿ 18ನೇ ಶತಮಾನದಿಂದ ಈ ಕಣಿವೆಯಲ್ಲಿ ಬಟ್ಟೆ ಬಿಳುಪು ಮಾಡುವ, ಬಣ್ಣ ಕಟ್ಟುವ, ಅಚ್ಚು ಹಾಕುವ ಕಾರ್ಖಾನೆಗಳು ಎದ್ದವು. ಅವುಗಳಿಗೆ ಹೆಸರು ತಂದದ್ದು ‘ಟರ್ಕಿ ಕೆಂಪು’ ಎಂಬ ಬಣ್ಣ. ನಮ್ಮ ಮಂಜಿಷ್ಠದ ಹತ್ತಿರದ ಬಂಧುವಾದ ಗಿಡವೊಂದರ ಬೇರಿನಿಂದ ಬರುತ್ತಿದ್ದ ಕೆಂಪು ಅದು. ಹತ್ತಿಯ ನೂಲಿಗೆ ಎಣ್ಣೆ ಹಿಡಿಸಿ, ಪಟಿಕದಲ್ಲಿ ಅದ್ದಿ, ಬಣ್ಣದಲ್ಲಿ ಕುದಿಸಿ, ಒಗೆದು ಒಣಗಿಸಿ, ಹತ್ತಾರು ಹಂತಗಳಲ್ಲಿ ವಾರಗಟ್ಟಲೆ ಮಾಡಬೇಕಾದ ಕೆಲಸ. ಆದರೆ ಹಿಡಿದ ಮೇಲೆ ಬಿಸಿಲಿಗೂ ಒಗೆತಕ್ಕೂ ಬಿಡದ ಬಣ್ಣ. 1868ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞರಾದ ಗ್ರೇಬೆ ಮತ್ತು ಲೀಬರ್‌ಮನ್ ಆ ಬೇರಿನಲ್ಲಿದ್ದ ಅಲಿಜರಿನ್ ಎಂಬ ವಸ್ತುವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಆಮೇಲೆ ಬೇರಿನ ಕೃಷಿ ಕುಸಿಯಿತು, ಕಾರ್ಖಾನೆಗಳು ಇನ್ನೂ ಬೆಳೆದವು.

ಈ ಕೆಂಪು ಬಟ್ಟೆಗೂ ಕೆಂಪು ನೂಲಿಗೂ ಇದ್ದ ಬಹು ದೊಡ್ಡ ಮಾರುಕಟ್ಟೆಗಳಲ್ಲಿ ಒಂದು ಭಾರತ. ನವಿಲು, ಮಾವಿನಕಾಯಿಯ ಬಳ್ಳಿ ಮೊದಲಾದ ಚಿತ್ತಾರಗಳನ್ನು ನಮ್ಮ ಜನರ ರುಚಿ ನೋಡಿಯೇ ಸ್ಕಾಟ್ಲೆಂಡಿನಲ್ಲಿ ಬರೆಸಿ ಅಚ್ಚು ಹಾಕಿಸುತ್ತಿದ್ದರು. ಬಟ್ಟೆಯ ಮೂಟೆಗಳಿಗೆ ಅಂಟಿಸುತ್ತಿದ್ದ ಬಣ್ಣದ ಚೀಟಿಗಳ ಮೇಲೆ ನಮ್ಮ ದೇವರುಗಳ ಚಿತ್ರಗಳೂ ಇರುತ್ತಿದ್ದವು. ಅಂದಿನ ಮಾದರಿ ಪುಸ್ತಕಗಳು ಸ್ಕಾಟ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಸುಮಾರು 200 ಇವೆ. ಬಟ್ಟೆಗೆ ಅಚ್ಚು ಹಾಕುವ, ಬೇರಿನಿಂದ ಕೆಂಪು ತೆಗೆಯುವ ಕಲೆಗಳಲ್ಲಿ ಶತಮಾನಗಳಿಂದ ಪ್ರಸಿದ್ಧವಾಗಿದ್ದ ದೇಶಕ್ಕೆ ಅದೇ ಬಗೆಯ ಬಟ್ಟೆ ಹಡಗಿನಲ್ಲಿ ಬರುವಂತಾಯಿತು. ನಮ್ಮ ಬಣ್ಣಗಾರರ ಹೊಟ್ಟೆಯ ಮೇಲೆ ಇದರ ಪೆಟ್ಟು ಬಿದ್ದಿತು.

ಆದರೆ ಅಲ್ಲಿ ದುಡಿದವರೂ ಸುಖದಲ್ಲಿರಲಿಲ್ಲ. 1911ರ ಡಿಸೆಂಬರ್ ತಿಂಗಳ ಚಳಿಯಲ್ಲಿ ಲೀವನ್ ಕಣಿವೆಯ ಸಾವಿರಾರು ಕಾರ್ಮಿಕರು ಕೂಲಿ ಹೆಚ್ಚಿಸಬೇಕೆಂದು ಮುಷ್ಕರ ಹೂಡಿದರು. ಅವರಲ್ಲಿ ಬಹುಪಾಲು ಹೆಂಗಸರು ಮತ್ತು ಹುಡುಗಿಯರು. ಬೆಟ್ಟದ ಮೇಲೆ ಕ್ಯಾಸಲ್, ಅದರ ಸುತ್ತ ಉಪವನ, ಹೂದೋಟ. ಕೆಳಗೆ ನದಿಯ ದಡದಲ್ಲಿ ಹಬೆ, ಹೊಗೆ, ಒದ್ದೆ ನೆಲ. ಎರಡರ ನಡುವಿನ ದೂರ ಒಂದು ಗಂಟೆಯ ನಡಿಗೆಯಷ್ಟೂ ಇಲ್ಲ. ಆದರೆ ಕೆಳಗಿನವರು ಮೇಲಕ್ಕೆ ಬರುವಂತಿರಲಿಲ್ಲ. ಅದು ಖಾಸಗಿ ನೆಲ.

ಈ ಮಾತು ಬದಲಾದದ್ದು 1915ರಲ್ಲಿ. ಆ ವರ್ಷ ಗ್ಲಾಸ್ಗೋ ನಗರಸಭೆ ಬ್ಯಾಲಖ್ ಎಸ್ಟೇಟನ್ನು ಕೊಂಡುಕೊಂಡಿತು. ಕಾಲ ಎಂಥದು ಎಂಬುದನ್ನು ಗಮನಿಸಿ. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಗ್ಲಾಸ್ಗೋದಲ್ಲಿ ಸುಮಾರು ಹತ್ತು ಲಕ್ಷ ಜನ. ಹಡಗುಕಟ್ಟೆಗಳಿಗೂ ಶಸ್ತ್ರಾಸ್ತ್ರ ಕಾರ್ಖಾನೆಗಳಿಗೂ ಕೆಲಸ ಹುಡುಕಿಕೊಂಡು ಇನ್ನೂ ಜನ ಬರುತ್ತಿದ್ದರು. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ಅದೇ 1915ರಲ್ಲಿ ಮನೆಗಳ ಒಡೆಯರು ಬಾಡಿಗೆ ಏರಿಸಿದಾಗ ಮೇರಿ ಬಾರ್ಬರ್ ಮೊದಲಾದ ಗೃಹಿಣಿಯರು ಬಾಡಿಗೆ ಕೊಡುವುದಿಲ್ಲವೆಂದು ಚಳವಳಿ ಹೂಡಿದರು. ಸರಕಾರ ಮಣಿದು ವರ್ಷದ ಕೊನೆಯೊಳಗೆ ಬಾಡಿಗೆ ನಿಯಂತ್ರಣದ ಕಾನೂನನ್ನು ತರಬೇಕಾಯಿತು. ಅಂಥ ನಗರದ ಜನಕ್ಕೆ ಸರೋವರದ ದಡದ 200 ಎಕರೆಯಷ್ಟು ಹಸಿರು ನೆಲ ಸಿಕ್ಕಿತು. ಭಾನುವಾರ ರೈಲು ಹತ್ತಿದರೆ ಅದು ಅವರದು. ಬುತ್ತಿ ಬಿಚ್ಚಿ ಕೂರಬಹುದು. ಮಕ್ಕಳು ಓಡಬಹುದು. ಯಾರೂ ಗದರುವುದಿಲ್ಲ.

ಹೀಗೆ ಆಗದ ಕ್ಯಾಸಲ್‌ಗಳ ಗತಿ ಏನಾಯಿತು? ಅದೇ ಲೀವನ್ ಕಣಿವೆಯ ಇನ್ನೊಂದು ಬದಿಯಲ್ಲಿದ್ದ ಟಲಿಕ್ಯೂವನ್ ಕ್ಯಾಸಲ್ಲನ್ನು 1954ರಲ್ಲಿ ಕೆಡವಿಹಾಕಿದರು. ಸರೋವರದ ಪೂರ್ವಕ್ಕಿರುವ ಬುಕಾನನ್ ಕ್ಯಾಸಲ್ ಒಬ್ಬ ಡ್ಯೂಕನ ಅರಮನೆ. ಅದರ ಛಾವಣಿಯನ್ನು ಅದೇ ವರ್ಷ ತೆಗೆಸಿದರು. ಛಾವಣಿಯಿಲ್ಲದ ಕಟ್ಟಡಕ್ಕೆ ತೆರಿಗೆ ಕಟ್ಟಬೇಕಾಗಿರಲಿಲ್ಲ! ಇಂದು ಅದು ಮರ ಬಳ್ಳಿಗಳು ಒಳಹೊಕ್ಕ ಪಾಳು. ಬ್ಯಾಲಖ್ ಉಳಿಯಲು ಅದು ಜನರ ಆಸ್ತಿಯಾದದ್ದೂ ಒಂದು ಕಾರಣ ಎಂದರೆ ತಪ್ಪಾಗದು.

ಮುಂದೆ ಬ್ರಿಟನ್ನಿನಲ್ಲಿ ಕಾರುಗಳು ಹೆಚ್ಚಿದವು. ರಜೆ ಬಂದರೆ ನಗರದ ಜನರೆಲ್ಲ ಹಳ್ಳಿಗಾಡಿಗೆ ನುಗ್ಗತೊಡಗಿದರು. ಹೊಲಗದ್ದೆಗಳಿಗೂ ಕಾಡುಗಳಿಗೂ ತೊಂದರೆಯಾಗದಂತೆ, ನಗರಗಳ ಹತ್ತಿರವೇ ಜನರು ಬಯಲಿನ ಸುಖ ಪಡೆಯುವಂತೆ ಒಂದು ಏರ್ಪಾಡು ಬೇಕಾಯಿತು. ಅದಕ್ಕಾಗಿ ಸ್ಕಾಟ್ಲೆಂಡಿನಲ್ಲಿ 1967ರಲ್ಲಿ ಒಂದು ಕಾನೂನು ಬಂದಿತು. ಅದರಂತೆ ಸ್ಥಳೀಯ ಸಂಸ್ಥೆಗಳು ‘ಕಂಟ್ರಿ ಪಾರ್ಕ್’ಗಳನ್ನು ಮಾಡಬಹುದಾಯಿತು. ಇದು ನಗರದೊಳಗಿನ ಕತ್ತರಿಸಿದ ಹುಲ್ಲಿನ ಪಾರ್ಕೂ ಅಲ್ಲ, ಕಾವಲಿನ ಅಭಯಾರಣ್ಯವೂ ಅಲ್ಲ. ಎರಡರ ನಡುವಿನದು. ಕಾಲುದಾರಿ, ಹುಲ್ಲುಗಾವಲು, ತೋಪು, ಕುಳಿತುಕೊಳ್ಳಲು ಜಾಗ, ಶೌಚಾಲಯ ಇರುತ್ತವೆ. ಉಳಿದದ್ದನ್ನು ಇದ್ದಂತೆಯೇ ಬಿಡುತ್ತಾರೆ. 1980ರಲ್ಲಿ ಬ್ಯಾಲಖ್ ಎಸ್ಟೇಟು ಕಂಟ್ರಿ ಪಾರ್ಕ್ ಆಯಿತು. 2002ರಲ್ಲಿ ಲಾಖ್ ಲೋಮಂಡ್ ಮತ್ತು ಟ್ರೋಸಕ್ಸ್ ಪ್ರದೇಶ ಸ್ಕಾಟ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನವೆನಿಸಿದಾಗ ಬ್ಯಾಲಖ್ ಅದರ ಒಳಗೆ ಬಂದಿತು.

ಇಷ್ಟು ಕೇಳಿದರೆ ಕಥೆ ಸುಖಾಂತವೆನಿಸುತ್ತದೆ. ಆದರೆ ಗೇಟು ತೆರೆದರೆ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಇದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಎರಡೂ ಜೀವಶಾಸ್ತ್ರ ಓದುವವರಿಗೆ ಹಿಡಿಸುತ್ತವೆ.

ಒಂದನೆಯದು ನೀರಿನದು. ಈ ಸರೋವರದಲ್ಲಿ ಪೊವನ್ ಎಂಬ ಮೀನಿದೆ. ಹಿಮಯುಗ ಮುಗಿದಾಗ ಒಳನಾಡಿನ ನೀರಿನಲ್ಲೇ ಉಳಿದುಹೋದ ಮೀನು. ಸ್ಕಾಟ್ಲೆಂಡಿನಲ್ಲಿ ಇದರ ಸಹಜ ನೆಲೆ ಎರಡೇ ಕಡೆ, ಲಾಖ್ ಲೋಮಂಡ್ ಮತ್ತು ಲಾಖ್ ಎಕ್. 1982ರಲ್ಲಿ ಲಾಖ್ ಲೋಮಂಡ್‌ನಲ್ಲಿ ರಫ್ ಎಂಬ ಹೊರಗಿನ ಸಣ್ಣ ಮೀನು ಮೊದಲ ಬಾರಿಗೆ ಕಾಣಿಸಿತು. ಗಾಳ ಹಾಕುವ ಹವ್ಯಾಸಿಗಳು ದೊಡ್ಡ ಮೀನು ಹಿಡಿಯಲು ಜೀವಂತ ಮರಿಗಳನ್ನು ತಂದು, ಸಂಜೆ ಮಿಕ್ಕದ್ದನ್ನು ನೀರಿಗೆ ಸುರಿದದ್ದರಿಂದ ಹೀಗಾಯಿತೆಂದು ತಿಳಿದವರು ಹೇಳುತ್ತಾರೆ. ಕೆಲವೇ ವರ್ಷಗಳಲ್ಲಿ ರಫ್ ಮಿತಿಮೀರಿ ಬೆಳೆದು, ಪೊವನ್ ಮೀನಿನ ಮೊಟ್ಟೆಗಳನ್ನು ತಿನ್ನತೊಡಗಿತು. ಪೊವನ್ ಸಂತತಿ ಅಳಿದೀತೆಂಬ ಭಯದಿಂದ ವಿಜ್ಞಾನಿಗಳು ಅದನ್ನು ಬೇರೆ ಎರಡು ಜಲಾಶಯಗಳಿಗೆ ಒಯ್ದು ಬೆಳೆಸಬೇಕಾಯಿತು. ಯಾರೂ ಕೆಡುಕು ಬಯಸಿರಲಿಲ್ಲ. ಒಂದು ಬಕೆಟ್ ನೀರು ಚೆಲ್ಲಿದರು, ಅಷ್ಟೆ.

ಎರಡನೆಯದು ನೆಲದ್ದು. ಬ್ಯಾಲಖ್ ಉದ್ಯಾನದಲ್ಲಿ ವಸಂತ ಬಂದರೆ ರೋಡೋಡೆಂಡ್ರಾನ್ ಹೂಗಳ ಸಂಭ್ರಮ. ಕೆಂಪು, ನೇರಿಳೆ, ಬಿಳಿ ಗೊಂಚಲುಗಳು. 19ನೇ ಶತಮಾನದ ಸಿರಿವಂತರಿಗೆ ಈ ಗಿಡಗಳ ಹುಚ್ಚು ಹಿಡಿದಿತ್ತು. ಜೋಸೆಫ್ ಹೂಕರ್ ಎಂಬ ಸಸ್ಯವಿಜ್ಞಾನಿ ನಮ್ಮ ಸಿಕ್ಕಿಂ ಬೆಟ್ಟಗಳಿಂದ ಇವುಗಳ ಹಲವು ಜಾತಿಗಳ ಬೀಜವನ್ನು ಬ್ರಿಟನ್ನಿಗೆ ಕಳುಹಿಸಿದ್ದ. ಆದರೆ ದಕ್ಷಿಣ ಯುರೋಪು ಮತ್ತು ಕಪ್ಪು ಸಮುದ್ರದ ಕಡೆಯಿಂದ ಬಂದ ನೇರಿಳೆ ಹೂವಿನ ಜಾತಿಯೊಂದು ತೋಟದ ಗೋಡೆ ದಾಟಿ ಕಾಡಿಗೆ ನುಗ್ಗಿತು. ಅದರ ದಟ್ಟ ನೆರಳಿನ ಕೆಳಗೆ ಓಕ್ ಸಸಿ ಏಳುವುದಿಲ್ಲ, ಪಾಚಿ ಬೆಳೆಯುವುದಿಲ್ಲ. ಸ್ಕಾಟ್ಲೆಂಡಿನ ಕಾಡುಗಳಲ್ಲಿ ಅದನ್ನು ಕಡಿಯುವುದೇ ಒಂದು ದೊಡ್ಡ ಕೆಲಸವಾಗಿದೆ. ನಮ್ಮಲ್ಲಿ ಅಂದದ ಬೇಲಿಗಿಡವೆಂದು ತಂದ ಲಂಟಾನ ಕಾಡು ನುಂಗಿದ ಕಥೆಯನ್ನು ಬಲ್ಲ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

2003ರ ಒಂದು ಕಾನೂನಿನಂತೆ ಸ್ಕಾಟ್ಲೆಂಡಿನಲ್ಲಿ ಯಾರು ಬೇಕಾದರೂ ಬಹುತೇಕ ಎಲ್ಲ ಬಯಲಿನಲ್ಲಿ, ಕಾಡಿನಲ್ಲಿ, ಒಳನಾಡಿನ ನೀರಿನಲ್ಲಿ ಓಡಾಡಬಹುದು, ಅದು ಖಾಸಗಿ ಭೂಮಿಯಾಗಿದ್ದರೂ ಸರಿಯೆ. ಆದರೆ ಆ ಹಕ್ಕಿನ ಮುಂದೆ ‘ಜವಾಬ್ದಾರಿಯಿಂದ’ ಎಂಬ ಪದವಿದೆ. ಜವಾಬ್ದಾರಿ ಮರೆತರೆ ಏನಾಗುತ್ತದೆ? ಸರೋವರದ ದಡದಲ್ಲಿ ಡೇರೆ ಹಾಕಿ, ಬೆಂಕಿ ಮಾಡಿ, ಬಾಟಲಿ ಒಡೆದು ಹೋಗುವವರು ಹೆಚ್ಚಾದರು. ಕೊನೆಗೆ 2017ರಿಂದ, ಮಾರ್ಚ್ ತಿಂಗಳಿಂದ ಸೆಪ್ಟೆಂಬರ್ ತನಕ ಕೆಲವು ದಡಗಳಲ್ಲಿ ಡೇರೆ ಹಾಕಲು ಪರವಾನಗಿ ಬೇಕೆಂಬ ನಿಯಮ ಬಂದಿತು. ಕೆಲವರ ಅಸಡ್ಡೆಗೆ ಎಲ್ಲರ ಸ್ವಾತಂತ್ರ್ಯ ಸ್ವಲ್ಪ ಕಿರಿದಾಯಿತು.

ಈಗ ಬೀಗದ ವಿಷಯಕ್ಕೆ ಬರುತ್ತೇನೆ. ಬ್ಯಾಲಖ್ ಕ್ಯಾಸಲ್ ಸ್ಕಾಟ್ಲೆಂಡಿನ ಸಂರಕ್ಷಿತ ಕಟ್ಟಡಗಳಲ್ಲಿ ಅತ್ಯುನ್ನತವಾದ ಎ ವರ್ಗಕ್ಕೆ ಸೇರಿದೆ. ಒಂದು ಕಾಲದಲ್ಲಿ ಉದ್ಯಾನದ ಮಾಹಿತಿ ಕೇಂದ್ರವೂ ಅಲ್ಲೇ ಇತ್ತು. ಈ ಶತಮಾನದ ಆರಂಭದಿಂದ ಅದರ ಹೆಸರು ‘ಅಪಾಯದಲ್ಲಿರುವ ಕಟ್ಟಡಗಳ’ ಪಟ್ಟಿಗೂ ಸೇರಿತು. ಅತಿ ಅಮೂಲ್ಯವೆಂಬ ಪಟ್ಟಿಯಲ್ಲೂ ಅದೇ ಹೆಸರು, ಅಳಿಯಬಹುದೆಂಬ ಪಟ್ಟಿಯಲ್ಲೂ ಅದೇ ಹೆಸರು! ಬಳಸದ ಮನೆ ಬೇಗ ಹಾಳಾಗುತ್ತದೆ ಎಂಬುದನ್ನು ನಮ್ಮ ಹಳ್ಳಿಯ ಯಾವ ಅಜ್ಜಿಯಾದರೂ ಹೇಳಿಯಾಳು. ಒಲೆ ಉರಿಯದ, ಕಿಟಕಿ ತೆರೆಯದ ಕಟ್ಟಡದ ಗೋಡೆಗೆ ತೇವ ಏರುತ್ತದೆ, ಸೂರಿನಲ್ಲಿ ನೀರು ಇಳಿಯುತ್ತದೆ.

ಕ್ಯಾಸಲ್‌ನ ಮುಂದಿನ ಬೆಂಚಿನ ಮೇಲೆ ವಯಸ್ಸಾದ ಹೆಂಗಸೊಬ್ಬರು ನಾಯಿಯೊಡನೆ ಕುಳಿತಿದ್ದರು. ನಾವು ಬೀಗ ನೋಡಿ ಪೆಚ್ಚಾದದ್ದನ್ನು ಕಂಡಿದ್ದರೆಂದು ಕಾಣುತ್ತದೆ, ತಾವಾಗಿಯೇ ಮಾತನಾಡಿಸಿದರು. ಅವರ ಅಜ್ಜಿ ಲೀವನ್ ದಡದ ಬಣ್ಣದ ಕಾರ್ಖಾನೆಯಲ್ಲಿ ದುಡಿದವರಂತೆ. ಭಾನುವಾರಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಇದೇ ಹುಲ್ಲುಗಾವಲಿಗೆ ಬರುತ್ತಿದ್ದರಂತೆ. ಈಕೆ ಚಿಕ್ಕವರಿದ್ದಾಗ ಆ ಬಾಗಿಲಿನೊಳಗೆ ಹೋಗಿದ್ದರು. ಈಗ ಮೊಮ್ಮಕ್ಕಳಿಗೆ ಹೊರಗಿನಿಂದಲೇ ತೋರಿಸುತ್ತಾರೆ. “ಯಾವನೋ ಧಣಿಯ ಮನೆಗೆ ಬೀಗ ಬಿದ್ದಿದ್ದರೆ ನನಗೇನು? ಇದು ನಮ್ಮದು, ಅದಕ್ಕೇ ಸಂಕಟ” ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಹಿಂದಿರುಗುವ ರೈಲಿನಲ್ಲಿ ಹುಡುಗನೂ ನಾನೂ ಅದನ್ನೇ ಚರ್ಚಿಸಿದೆವು. ಹೋಟೆಲು ನಡೆಸುವವರಿಗೆ ಕೊಟ್ಟರೆ ಕಟ್ಟಡ ದುರಸ್ತಿಯಾದೀತು ಎಂದ ಅವನು. ಆಗ ದುಡ್ಡಿದ್ದವರಿಗೆ ಮಾತ್ರ ಆ ಕಿಟಕಿಗಳ ನೋಟ ಎಂದೆ ನಾನು. ಹಾಗಾದರೆ ಸಾರ್ವಜನಿಕರ ಹಣದಲ್ಲೇ ಮಾಡಲಿ ಎಂದ. ಅದೇ ಹಣ ಶಾಲೆಗೆ, ಆಸ್ಪತ್ರೆಗೆ ಬೇಕಲ್ಲ ಎಂದೆ. ಸುಮ್ಮನೆ ಬಿಟ್ಟರೆ? ಇಬ್ಬರೂ ಮಾತನಾಡಲಿಲ್ಲ. ಛಾವಣಿಯಿಲ್ಲದ ಆ ಇನ್ನೊಂದು ಕ್ಯಾಸಲ್ ಇಬ್ಬರಿಗೂ ನೆನಪಾಗಿತ್ತು. ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ನಿಮ್ಮ ತರಗತಿಯಲ್ಲಿ ಚರ್ಚೆಗೆ ಇಟ್ಟು ನೋಡಿ. ಆದರೆ ಉತ್ತರ ಹೇಳುವವರು ಯಾರು ಎಂಬುದು 1915ರಲ್ಲಿಯೇ ಬದಲಾಗಿದೆ. ಮೊದಲು ಒಬ್ಬ ಒಡೆಯ ತೀರ್ಮಾನಿಸುತ್ತಿದ್ದ, ಈಗ ಎಲ್ಲರೂ ಕೂಡಿ ತೀರ್ಮಾನಿಸಬೇಕು. ಎಲ್ಲರದೂ ಆದದ್ದು ಯಾರದೂ ಅಲ್ಲದಂತೆ ಆಗಬಾರದು, ಅಷ್ಟೆ.

ಮಿತ್ರರೆ, ಮುಂದೆ ನೀವು ಯಾವುದೇ ಐತಿಹಾಸಿಕ ಸ್ಥಳಕ್ಕೆ ಹೋದಾಗ ಮೂರು ಪ್ರಶ್ನೆಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಈ ಕಟ್ಟಡ ಬರುವ ಮೊದಲು ಇಲ್ಲಿ ಏನಿತ್ತು? ಇದರ ಚೆಲುವಿನ ಹಿಂದೆ ಯಾರ ದುಡಿಮೆಯಿದೆ? ಇಂದು ಇದನ್ನು ನೋಡಿಕೊಳ್ಳುವವರು ಯಾರು? ಉತ್ತರ ಹುಡುಕುತ್ತ ಸುತ್ತಿ ನೋಡಿ. ಒಂದು ಮಣ್ಣಿನ ದಿಬ್ಬ ಹಡಗುಗಳ ಕಥೆ ಹೇಳಬಹುದು, ಒಂದು ನದಿ ನಿಮ್ಮ ಮುತ್ತಜ್ಜಿಯ ಕೆಂಪು ಸೀರೆಯ ಕಥೆ ಹೇಳಬಹುದು.

ನಾವು ಗೇಟಿನ ಹತ್ತಿರ ಬಂದಾಗ ಹುಡುಗ ಬಗ್ಗಿ, ಯಾರೋ ಎಸೆದು ಹೋಗಿದ್ದ ಬಿಸ್ಕತ್ತಿನ ಕಾಗದವನ್ನು ಎತ್ತಿ ತೊಟ್ಟಿಗೆ ಹಾಕಿದ. ನಾನು ಹೇಳಿರಲಿಲ್ಲ. ಕ್ಯಾಸಲ್‌ನ ಬಾಗಿಲು ಅಂದು ತೆರೆಯಲಿಲ್ಲ, ಆದರೂ ನಾವು ಬರಿಗೈಯಲ್ಲಿ ಹಿಂದಿರುಗಲಿಲ್ಲ ಎಂದುಕೊಂಡೆ.